ಬಚ್ಚಲಿಗೂ ಒಂದು ನಕ್ಷೆ ಬೇಕು

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಒಲೆ, ಹಂಡೆಗಳ ಪಕ್ಕದಲ್ಲೇ ಬಚ್ಚಲು. ಶೌಚಕ್ಕೆ ಬಹುಪಾಲು ಬಯಲೇ ಗತಿ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನವು ಅರ್ಹ ಗ್ರಾಮೀಣ ಕುಟುಂಬಗಳಿಗೆ 12,000 ರೂಪಾಯಿ ಪ್ರೋತ್ಸಾಹಧನ ನೀಡಿ ಶೌಚಾಲಯವನ್ನು ಅಂಗಳಕ್ಕೆ ತಂದಿತು. ಆದರೆ ಅದನ್ನು ಎಲ್ಲಿ, ಯಾವ ಅಳತೆಯಲ್ಲಿ, ಯಾರ ಅನುಕೂಲಕ್ಕೆ ಕಟ್ಟಬೇಕೆಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿಯಿತು.

ಇಪ್ಪತ್ತು–ಮೂವತ್ತು ಅಡಿಯ ನಿವೇಶನದಲ್ಲಿ ಪಡಸಾಲೆ, ಅಡುಗೆಮನೆ, ದೇವರಕೋಣೆಗಳಿಗೆ ಜಾಗ ಗೊತ್ತುಮಾಡಿದ ಮೇಲೆ ಉಳಿದ ಮೂಲೆಯೇ ಬಚ್ಚಲು. ಅನೇಕ ವೇಳೆ ಅದು ಮೆಟ್ಟಿಲ ಕೆಳಗಿನ, ತಲೆ ತಾಗುವ ಗೂಡು. ರಾಷ್ಟ್ರೀಯ ಕಟ್ಟಡ ಸಂಹಿತೆಯು ಬಚ್ಚಲು ಮತ್ತು ಶೌಚಾಲಯ ಒಂದೇ ಕೋಣೆಯಲ್ಲಿದ್ದರೆ ಕನಿಷ್ಠ 2.8 ಚದರ ಮೀಟರ್ ಇರಬೇಕೆನ್ನುತ್ತದೆ. ಅಂದರೆ ಸುಮಾರು ನಾಲ್ಕು ಅಡಿ ಅಗಲ, ಏಳೂವರೆ ಅಡಿ ಉದ್ದ. ಇದು ಬಡವನಿಗೆ ನಿಲುಕದ ವೈಭವವೇನಲ್ಲ.

ಇಷ್ಟೇ ಜಾಗವನ್ನೂ ಜಾಣತನದಿಂದ ಬಳಸಬಹುದು. ಬಾಗಿಲ ಬಳಿ ಕೈತೊಳೆಯುವ ತೊಟ್ಟಿ, ನಡುವೆ ಕಮೋಡ್, ಕೊನೆಯಲ್ಲಿ ಸ್ನಾನದ ಜಾಗ ಇದ್ದು, ಇಳಿಜಾರು ಆ ಕೊನೆಗೇ ಇದ್ದರೆ ಕಾಲಿಡುವ ನೆಲ ಒಣಗಿರುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗದು. ಮನೆಮಂದಿ ಹೆಚ್ಚಿದ್ದರೆ ಬಚ್ಚಲು, ಶೌಚಾಲಯಗಳ ನಡುವೆ ಒಂದು ಗೋಡೆ ಎಬ್ಬಿಸುವುದೇ ಲೇಸು.

ಕೋಣೆಯಷ್ಟೇ ಮುಖ್ಯವಾದುದು ಗುಂಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರಿನ ಎರೆಭೂಮಿ ನೀರನ್ನು ಬೇಗ ಹೀರದು. ಅಲ್ಲಿ ಇಂಗುಗುಂಡಿಯ ಸುತ್ತ ಮರಳಿನ ಪದರ ಬೇಕು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಲು ಎರಡನೆಯ ಗುಂಡಿಗೂ ಜಾಗ ಬೇಕು. ಬಚ್ಚಲ ನೀರನ್ನು ಇದೇ ಗುಂಡಿಗೆ ಬಿಡುವುದು ಅದನ್ನು ಬೇಗ ಕೆಡಿಸಿಕೊಂಡಂತೆ.

ಮನೆ ಕಟ್ಟಲು ಪರವಾನಗಿ ನೀಡುವಾಗ ಸ್ಥಳೀಯ ಸಂಸ್ಥೆಗಳು ರಸ್ತೆಯ ಅಂಚನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಈ ಅಳತೆಗಳನ್ನೂ ನೋಡಬೇಕೆಂಬುದು ನನ್ನ ವಾದ. ಪಡಸಾಲೆಯಲ್ಲಿ ಒಂದಡಿ ಕಡಿಮೆಯಾದರೆ ಅತಿಥಿಗೆ ಇಕ್ಕಟ್ಟು, ಅಷ್ಟೆ. ಬಚ್ಚಲಲ್ಲಿ ಕಡಿಮೆಯಾದರೆ ಅದರ ಬೆಲೆ ತೆರುವವರು ಮಂಡಿ ನೋವಿನ ಮುದುಕಿ, ತುಂಬು ಬಸುರಿ, ಊರುಗೋಲಿನ ಹಿರಿಯ.