ಊರಿನ ತಂತಿ ಯಾರದ್ದು?

ಕಳೆದ ತಿಂಗಳು ನಮ್ಮ ಬಳಗದ ಕಥಾವಾಚನ ಅಂತರ್ಜಾಲದ ಮೂಲಕ ನಡೆಯಿತು. ಮಳೆಗಾಲದಲ್ಲಿ ಡೊಂಬಿವಲಿಯಿಂದಲೋ ವಿರಾರದಿಂದಲೋ ಮಾಟುಂಗಕ್ಕೆ ಬಂದು ಹೋಗುವುದು ಹಿರಿಯರಿಗೆ ಕಷ್ಟವೆಂದು ಮಾಡಿಕೊಂಡ ಏರ್ಪಾಡು. ಎಪ್ಪತ್ತನಾಲ್ಕರ ಹರೆಯದ ಹಿರಿಯರೊಬ್ಬರು ತಮ್ಮ ಹೊಸ ಕಥೆಯನ್ನು ಓದತೊಡಗಿದರು. ನಾಲ್ಕನೆಯ ಪುಟದಲ್ಲಿ ದನಿ ತುಂಡಾಯಿತು, ಮುಖ ಪರದೆಯ ಮೇಲೆ ಹಾಗೆಯೇ ನಿಂತುಬಿಟ್ಟಿತು. ನಾವು ಕಾದೆವು, ಕೊನೆಗೆ ಮುಂದಿನವರನ್ನು ಕರೆದೆವು. ರಾತ್ರಿ ಅವರಿಂದ ಕರೆ ಬಂತು: “ಅಲ್ಲ ಮಾರಾಯ್ರೇ, ನಾನು ಹನ್ನೊಂದು ನಿಮಿಷ ಗೋಡೆಗೆ ಕಥೆ ಓದಿದೆನಲ್ಲ!”

ನಕ್ಕೆವು. ಆದರೆ ಅವರು ಆಮೇಲೆ ಹೇಳಿದ್ದು ನಗುವ ಸಂಗತಿಯಾಗಿರಲಿಲ್ಲ. ಅವರ ಕಟ್ಟಡದೊಳಗೆ ಒಂದೇ ಒಂದು ಕಂಪನಿ ತಂತಿ ಎಳೆಯಬಹುದು. ಸೊಸೈಟಿಯ ಹಿಂದಿನ ಸಮಿತಿ ಯಾವುದೋ ಕಾಲದಲ್ಲಿ ಹಾಗೆಂದು ಕರಾರು ಬರೆದುಕೊಟ್ಟಿದೆ. ದರ ಏರಿದರೂ ಅದೇ, ಕೆಟ್ಟರೂ ಅದೇ. ದುರಸ್ತಿಗೆ ಜನ ಬರುವುದು ಮೂರನೆಯ ದಿನ. ನೂರು ಮೀಟರ್ ದೂರದ ಕಟ್ಟಡದಲ್ಲಿ ಇದೇ ಸೌಕರ್ಯ ಕಡಿಮೆ ಬೆಲೆಗೆ, ಚೆನ್ನಾಗಿ ಸಿಗುತ್ತದೆ. ನಮ್ಮ ಹಿರಿಯರಿಗೆ ಅಡ್ಡ ನಿಂತಿರುವುದು ವಿಜ್ಞಾನವಲ್ಲ, ಒಂದು ಹಾಳೆ ಕಾಗದ.

ನಾನು ತಂತ್ರಜ್ಞನಲ್ಲ. ಇಂಗ್ಲಿಷ್ ಸಾಹಿತ್ಯ ಓದಿ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ನೋಡುವವನು. ಇಲ್ಲಿರುವುದು ನನ್ನ ಸ್ವಂತ ಅಭಿಪ್ರಾಯ ಮಾತ್ರ. ಆದರೆ ಇಪ್ಪತ್ತು ವರ್ಷಗಳ ಕಡತವಾಸದಿಂದ ಒಂದು ಮಾತು ಕಲಿತಿದ್ದೇನೆ: ಯಾವ ಸೌಕರ್ಯವೇ ಆಗಲಿ, ಅದರ ಒಡೆತನ ಯಾರದು, ದುರಸ್ತಿ ಯಾರದು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಬೇಕು. ಅಗ್ಗದ ಬ್ರಾಡ್‌ಬ್ಯಾಂಡನ್ನು ಇಡೀ ಊರಿಗೆ ತಲುಪಿಸಲು ಹೊರಟವರ ಸೋಲು ಗೆಲುವುಗಳೆಲ್ಲ ಈ ಎರಡು ಪ್ರಶ್ನೆಗಳಲ್ಲಿಯೇ ಅಡಗಿವೆ.

ಮೊದಲು ಒಂದು ಸೋಲು. ಅಮೆರಿಕದ ಫಿಲಡೆಲ್ಫಿಯಾ ನಗರ 2004ರಲ್ಲಿ ತನ್ನ 135 ಚದರ ಮೈಲಿಯ ಹರವಿನಲ್ಲೆಲ್ಲ ನಿಸ್ತಂತು ಜಾಲ ಹರಡುವುದಾಗಿ ಸಾರಿತು. ಬಡವರ ಕೇರಿಗಳಿಗೆ ಅಗ್ಗದ ದರವೆಂದೂ ಮಾತು ಕೊಟ್ಟಿತು. ಜಾಲ ಕಟ್ಟಿ ನಡೆಸುವ ಹೊಣೆಯನ್ನು ಅರ್ತ್‌ಲಿಂಕ್ ಎಂಬ ಕಂಪನಿಗೆ ವಹಿಸಲಾಯಿತು. ಬೀದಿದೀಪದ ಕಂಬಗಳ ಮೇಲೆ ಪೆಟ್ಟಿಗೆಗಳು ಕೂತವು. ಆದರೆ ಬೀದಿಯಲ್ಲಿ ಸಿಗುವ ಸಂಕೇತ ಇಟ್ಟಿಗೆ ಗೋಡೆ ದಾಟಿ ಅಡುಗೆಮನೆಗೆ ಬರುವಾಗ ಸೊರಗುತ್ತಿತ್ತು. ಚಂದಾದಾರರು ನಿರೀಕ್ಷಿಸಿದಷ್ಟು ಬರಲಿಲ್ಲ. 2008ರಲ್ಲಿ ಕಂಪನಿ ಕೈತೊಳೆದುಕೊಂಡಿತು. ಲಾಭವಿಲ್ಲದ ಕಡೆ ವ್ಯಾಪಾರಿ ನಿಲ್ಲುವುದಿಲ್ಲ, ಅದು ಅವನ ತಪ್ಪೂ ಅಲ್ಲ. ತಪ್ಪು ಆದದ್ದು, ಊರಿನ ಹೆಸರಿನಲ್ಲಿ ಕಟ್ಟಿದ ಜಾಲದಲ್ಲಿ ಊರಿನವರು ಗಿರಾಕಿಗಳಾಗಿ ಮಾತ್ರ ಉಳಿದದ್ದು.

ಅದೇ ದೇಶದ ಟೆನೆಸಿ ರಾಜ್ಯದ ಚಟನೂಗ ಬೇರೆ ದಾರಿ ಹಿಡಿಯಿತು. ಅಲ್ಲಿ 1935ರಿಂದ ಊರಿನದೇ ಆದ ವಿದ್ಯುತ್ ಮಂಡಳಿಯೊಂದಿದೆ. ವಿದ್ಯುತ್ ಜಾಲದಲ್ಲಿ ದೋಷ ಎಲ್ಲಿದೆಯೆಂದು ತಾನೇ ಪತ್ತೆಹಚ್ಚಿ ಬೇರೆ ದಾರಿಯಿಂದ ಬೆಳಕು ಹರಿಸುವ ವ್ಯವಸ್ಥೆಗಾಗಿ ಅದು ಆಪ್ಟಿಕಲ್ ಫೈಬರ್ ಎಳೆಯಿತು. ಅದೇ ಎಳೆಯಲ್ಲಿ ಮನೆಮನೆಗೂ ಅಂತರ್ಜಾಲವನ್ನೂ ಕೊಟ್ಟಿತು. ಸಾಲಪತ್ರಗಳ ಹಣ, ಅದರ ಜೊತೆಗೆ ಒಕ್ಕೂಟ ಸರ್ಕಾರದ ಸುಮಾರು 11 ಕೋಟಿ ಡಾಲರ್ ಅನುದಾನ. ಖಾಸಗಿ ಕೇಬಲ್ ಕಂಪನಿಗಳು ನ್ಯಾಯಾಲಯಕ್ಕೆ ಹೋದರೂ ತಡೆಯಲಾಗಲಿಲ್ಲ. 2010ರಲ್ಲಿ ತನ್ನ ವ್ಯಾಪ್ತಿಯ ಪ್ರತಿ ಮನೆಗೂ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸೌಲಭ್ಯವನ್ನು ಮಂಡಳಿ ಮುಂದಿಟ್ಟಿತು. 2020ರ ಮಹಾಮಾರಿಯಲ್ಲಿ ಶಾಲೆಗಳು ಮುಚ್ಚಿದಾಗ, ಬಡ ಕುಟುಂಬಗಳ ಸುಮಾರು 28,000 ಮಕ್ಕಳಿಗೆ ಉಚಿತ ಸಂಪರ್ಕ ಕೊಡಲು ಶಾಲಾ ಆಡಳಿತದೊಂದಿಗೆ ಕೈಜೋಡಿಸಿತು. ತಂತಿ ಊರಿನದಾಗಿದ್ದರಿಂದ ಆ ನಿರ್ಧಾರವನ್ನು ಊರೇ ಕೈಗೊಳ್ಳಬಹುದಿತ್ತು. ಪಕ್ಕದ ಹಳ್ಳಿಗಳವರೂ ತಮಗೂ ಬೇಕೆಂದರು. ರಾಜ್ಯದ ಕಾನೂನು ಅಡ್ಡ ಬಂತು. ಅದನ್ನು ಬದಿಗೊತ್ತಿದ ಕೇಂದ್ರ ಆಯೋಗದ ಆದೇಶವನ್ನು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತು. ಮಂಡಳಿಯ ವಿದ್ಯುತ್ ಗಡಿ ಮುಗಿಯುವಲ್ಲಿ ಅದರ ಫೈಬರೂ ನಿಂತಿತು.

ವಿದ್ಯುತ್ ಮಂಡಳಿಯೂ ಇಲ್ಲದೆ, ಜನರೇ ಕಟ್ಟಿಕೊಂಡ ಉದಾಹರಣೆ ಸ್ಪೇನಿನ ಕತಲೋನಿಯಾದ್ದು. ದೊಡ್ಡ ಕಂಪನಿಗಳು ಬರಲೊಲ್ಲದ ಒಸೋನಾ ಸೀಮೆಯಲ್ಲಿ, 2004ರಲ್ಲಿ ರಮೋನ್ ರೋಕಾ ಮತ್ತು ಗೆಳೆಯರು ಮಾಳಿಗೆಯಿಂದ ಮಾಳಿಗೆಗೆ ಆಂಟೆನಾ ನೆಟ್ಟು ಆರಂಭಿಸಿದ ಜಾಲ ಗ್ವಿಫಿ. ಹೊಸದಾಗಿ ಸೇರುವವನು ತನ್ನ ಆಂಟೆನಾವನ್ನು ತಾನೇ ಕೊಳ್ಳುತ್ತಾನೆ. ಅವನ ಆಂಟೆನಾ ಮುಂದಿನವನಿಗೆ ಮೆಟ್ಟಿಲಾಗುತ್ತದೆ. 2009ರ ಹೊತ್ತಿಗೆ ಗುರ್ಬ್ ಎಂಬ ಹಳ್ಳಿಯಲ್ಲಿ ಫೈಬರೂ ಬಂತು. ಇಂದು ಮೂವತ್ತು ಸಾವಿರಕ್ಕೂ ಮಿಕ್ಕಿದ ಕೊಂಡಿಗಳು ಅದರಲ್ಲಿವೆ. ಗ್ವಿಫಿ ವ್ಯಾಪಾರಿಗಳನ್ನು ಹೊರಗಿಟ್ಟಿಲ್ಲ. ಸಣ್ಣ ಕಂಪನಿಗಳು ಈ ಜಾಲದ ಮೇಲೆ ಸೇವೆ ಮಾರಿ ಬದುಕುತ್ತವೆ. ಬಳಸಿದ್ದಕ್ಕೆ ತಕ್ಕಂತೆ ಜಾಲದ ಪಾಲನೆಗೆ ಹಣ ತೆರುತ್ತವೆ. ನಮ್ಮ ಹಳ್ಳಿಗಳ ಗೋಮಾಳದ ನ್ಯಾಯವೇ ಇದು. ದನ ನಿನ್ನದು, ಹಾಲು ನಿನ್ನದು, ಹಾಲು ಮಾರಿದ ಹಣವೂ ನಿನ್ನದು; ಹುಲ್ಲುಗಾವಲಿಗೆ ಮಾತ್ರ ಬೇಲಿ ಹಾಕುವಂತಿಲ್ಲ. ಬೇಲಿ ಬಿದ್ದ ಮೇಲೆ ಏನಾಗುತ್ತದೆ ಎಂಬುದು ಜಾನ್ ಕ್ಲೇರ್‌ನನ್ನು ಓದಿದವರಿಗೆ ಗೊತ್ತು. ಗೋಮಾಳ ಕಳೆದುಕೊಂಡ ನಮ್ಮ ಊರುಗಳವರಿಗೆ ಓದದೆಯೂ ಗೊತ್ತು.

“ನಮ್ಮಲ್ಲಿ ಮೊಬೈಲ್ ಡೇಟಾ ಅಗ್ಗವಾಗಿರುವಾಗ ಇದೆಲ್ಲ ಏಕೆ?” ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. 2016ರ ನಂತರ ಬೆಲೆ ಇಳಿದದ್ದು ನಿಜ. ಅದು ಅಸಂಖ್ಯಾತರಿಗೆ ಬಾಗಿಲು ತೆರೆಯಿತು. ಆದರೆ ಚಾಳಿನ ಒಂದು ಖೋಲಿಯಲ್ಲಿ ಅಪ್ಪನ ಕೆಲಸ, ಇಬ್ಬರು ಮಕ್ಕಳ ಪಾಠ ಮೂರೂ ಒಂದೇ ಫೋನನ್ನು ಕಾದು ಕುಳಿತಾಗ, ದಿನದ ಡೇಟಾ ಮಧ್ಯಾಹ್ನಕ್ಕೇ ತೀರಿದಾಗ, ಆ ಅಗ್ಗದ ಮಿತಿ ಕಾಣುತ್ತದೆ. ಕೊಡದಲ್ಲಿ ಹೊತ್ತು ತಂದ ನೀರಿಗೂ ಮನೆಯ ನಲ್ಲಿಗೂ ಇರುವ ಅಂತರವದು.

ಸಹಕಾರ ನಮಗೆ ಹೊಸದಲ್ಲ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಚಟನೂಗದ ಮಂಡಳಿಯ ದೂರದ ದಾಯಾದಿಯೇ ಸರಿ. ಆದರೆ ಅದೇ ಕಾಲದ ಕೂಸಾದ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ ಬಾಕಿಯ ವಿವಾದದಲ್ಲಿ ಸಿಲುಕಿ 2011ರಲ್ಲಿ ವಿತರಣೆಯ ಹಕ್ಕು ಕಳೆದುಕೊಂಡಿತು ಎಂಬುದನ್ನೂ ಮರೆಯಬಾರದು. ಸಹಕಾರ ಎಂದೊಡನೆ ಲೆಕ್ಕ ತಾನಾಗಿ ಸರಿಹೊಂದುವುದಿಲ್ಲ. ಬಿಲ್ಲು ಕಟ್ಟುವವರೂ ವಸೂಲು ಮಾಡುವವರೂ ಬೇಕು.

ಹಾಗಾದರೆ ಮುಂಬಯಿಯಂತಹ ಊರಿನಲ್ಲಿ ಮಾಡಬಹುದಾದದ್ದೇನು? ಇಡೀ ನಗರಕ್ಕೆ ಜಾಲ ಕಟ್ಟಿರೆಂದು ನಾನು ಹೇಳುತ್ತಿಲ್ಲ. ಪರವಾನಗಿಯಿಲ್ಲದೆ ಅಂತರ್ಜಾಲ ಸೇವೆ ಮಾರುವಂತೆಯೂ ಇಲ್ಲ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆ ಒಂದು ಕಿಂಡಿ ತೆರೆದಿದೆ. ಹಿಂದಿನ ಎಸ್‌ಟಿಡಿ ಬೂತಿನ ಹಾಗೆ, ಚಹಾ ಅಂಗಡಿಯವನೂ ಪರವಾನಗಿ ಶುಲ್ಕವಿಲ್ಲದೆ ವೈ-ಫೈ ಹಂಚಬಹುದು. ನಗರಪಾಲಿಕೆ ಮಾಡಬೇಕಾದದ್ದು ಇದಕ್ಕಿಂತ ದೊಡ್ಡದು. ಸ್ಟಾಕ್‌ಹೋಮ್ ನಗರ 1994ರಲ್ಲಿ ತನ್ನದೇ ಕಂಪನಿ ಸ್ಥಾಪಿಸಿ ಫೈಬರ್ ಹೂಳಿತು. ತಾನು ಅಂತರ್ಜಾಲ ಮಾರದೆ, ಎಳೆಗಳನ್ನು ಎಲ್ಲ ಕಂಪನಿಗಳಿಗೂ ಸಮಾನವಾಗಿ ಬಾಡಿಗೆಗೆ ಕೊಟ್ಟಿತು. ರಸ್ತೆ ಊರಿನದು, ಗಾಡಿ ಯಾರದಾದರೂ ಆಗಲಿ. ಒಂದೇ ರಸ್ತೆಯನ್ನು ವರ್ಷಕ್ಕೆ ಮೂರು ಸಲ ಅಗೆಯುವುದನ್ನು ನೋಡಿದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇವೆಲ್ಲಕ್ಕಿಂತ ಮೊದಲು ನಮ್ಮ ಕೈಯಲ್ಲೇ ಇರುವುದು ನಮ್ಮ ನಮ್ಮ ಕಟ್ಟಡ. ಒಳಗಿನ ಕೊಳವೆ ಸೊಸೈಟಿಯದಾಗಿರಲಿ. ನಿಯಮ ಪಾಲಿಸುವ ಯಾವ ಕಂಪನಿಗೂ ಬಾಗಿಲು ತೆರೆದಿರಲಿ. ಹೋಟೆಲಿನ ಹುಡುಗರಿಗಾಗಿ ಚಂದಾ ಎತ್ತಿ ರಾತ್ರಿಶಾಲೆ ನಡೆಸಿದವರು ಈ ಊರಿನ ಕನ್ನಡಿಗರು. ಅಂದು ಅಕ್ಷರ ಎಲ್ಲರದಾಗಬೇಕೆಂದು ಅವರಿಗೆ ಅನ್ನಿಸಿತ್ತು. ಇಂದು ಅಕ್ಷರ ಬರುವ ದಾರಿಯೂ ಎಲ್ಲರದಾಗಬೇಕಲ್ಲವೇ?

ಬರುವ ತಿಂಗಳು ನಮ್ಮ ಹಿರಿಯರ ಸೊಸೈಟಿಯ ವಾರ್ಷಿಕ ಸಭೆ. ಕರಾರಿನ ನವೀಕರಣ ಕಾರ್ಯಸೂಚಿಯಲ್ಲಿ ಏಳನೆಯ ವಿಷಯವಂತೆ. ಸಾಮಾನ್ಯವಾಗಿ ಆ ಹೊತ್ತಿಗೆ ಚಹಾ, ಬಟಾಟೆ ವಡೆ ಬಂದು ಅರ್ಧ ಜನ ಎದ್ದಿರುತ್ತಾರೆ, ಉಳಿದವರು ಕೈಯೆತ್ತಿಬಿಡುತ್ತಾರೆ. “ಈ ಸಲ ನಾನು ವಡೆ ಮುಟ್ಟುವುದಿಲ್ಲ, ಏಳನೆಯದು ಮುಗಿಯುವವರೆಗೆ ಕೂರುತ್ತೇನೆ” ಎಂದಿದ್ದಾರೆ ಅವರು. ನೀವೂ ನಿಮ್ಮ ಸಭೆಯಲ್ಲಿ ಅಷ್ಟು ಹೊತ್ತು ಕೂತಿರಿ. ಕಥೆಯ ಉಳಿದ ಪುಟಗಳಿಗಾಗಿ ನಾವಿನ್ನೂ ಕಾಯುತ್ತಿದ್ದೇವೆ.