ಅಳತೆ ಎಲ್ಲಿಂದ?

ಶಿವಮೊಗ್ಗದಿಂದ ಕುಂಸಿ ದಾಟಿ ಸಾಗರಕ್ಕೆ ಹೋದರೆ ಗುಡಿಗಾರರ ಊರು. ಗಂಧದ ಮರದಲ್ಲಿ ಉಳಿಯಿಂದ ಅವರು ಮಾಡುವ ಕೆತ್ತನೆ ಹೆಸರುವಾಸಿ. ಈಗ ಮೇಜಿನ ಮೇಲಿಡುವ ಪುಟ್ಟ ಯಂತ್ರವೂ ಮರ ಕೆತ್ತುತ್ತದೆ. ಕಂಪ್ಯೂಟರ್ ಕೊಟ್ಟ ಅಂಕೆಗಳಂತೆ ಅದರ ಮೊನೆ ಗಿರಗಿರನೆ ತಿರುಗುತ್ತ ಸಾಗುತ್ತದೆ. ಆದರೆ ‘3018’ ಎಂಬ ಹವ್ಯಾಸಿ ಯಂತ್ರಕ್ಕೆ ಎಟುಕುವುದು 30 ಸೆಂ.ಮೀ. ಅಗಲ, 18 ಸೆಂ.ಮೀ. ಉದ್ದ ಮಾತ್ರ.

‘ಕುಂಸಿ’ ಎಂದು ಊರ ಹೆಸರು ಹೊತ್ತ 90 ಸೆಂ.ಮೀ. ಉದ್ದದ ಫಲಕ ಬೇಕಾದರೆ? ಹಲಗೆಯ ಮೇಲೆ 15 ಸೆಂ.ಮೀ.ಗೊಂದರಂತೆ 6 ಭಾಗ ಗುರುತಿಸಿ, ಒಂದೊಂದನ್ನೇ ಕೆತ್ತುತ್ತ ಹಲಗೆಯನ್ನು 5 ಬಾರಿ ಮುಂದಕ್ಕೆ ಸರಿಸಬೇಕು. ತೊಡಕಿರುವುದು ಇಲ್ಲೇ. ಪ್ರತಿ ಭಾಗವನ್ನೂ ಅದರ ಹಿಂದಿನ ಭಾಗದಿಂದ ಅಳೆದರೆ, ಸಲಕ್ಕೆ 1 ಮಿ.ಮೀ. ತಪ್ಪು ಕೂಡುತ್ತ ಹೋಗಿ ಕೊನೆಗೆ 5 ಮಿ.ಮೀ. ಆದೀತು. ಎಲ್ಲವನ್ನೂ ತುದಿಯ ಒಂದೇ ಗೆರೆಯಿಂದ ಅಳೆದರೆ ತಪ್ಪು ಬೆಳೆಯದು. ಹಲಗೆ ಓರೆಯಾಗದಂತೆ ಪಕ್ಕಕ್ಕೊಂದು ನೇರ ಪಟ್ಟಿ ಇರಬೇಕು. ಸೊನ್ನೆಯನ್ನು ಒಂದೇ ಭಾಗದೊಳಗೆ ಕೂರಿಸುವುದು ಜಾಣತನ. ದುಂಡು ಗೆರೆ ನಡುವೆ ಮುರಿದರೆ ಕೂದಲೆಳೆಯಷ್ಟು ತಪ್ಪೂ ಎದ್ದು ಕಾಣುತ್ತದೆ.

ಕೆತ್ತಿದ ಮರಕ್ಕೆ ರಬ್ಬರ್ ಇಲ್ಲ. ಪಾಲಕರು ಮೊದಲು ಒಂದು ಹಳೆಯ ಹಲಗೆಯನ್ನೂ ಕಣ್ಣಿಗೆ ರಕ್ಷಣೆಯ ಕನ್ನಡಕವನ್ನೂ ಕೊಡಲಿ. ಒಳ್ಳೆಯ ಮರ ಆಮೇಲೆ.