ನರೆತ ತಲೆಗೆ ಕೆಲಸವಿಲ್ಲವೇ?

"ವಯಸ್ಸೆಷ್ಟು?" ಐವತ್ತು ದಾಟಿದ ಹೊಟೇಲು ನೌಕರನು ಕೆಲಸ ಕೇಳಿಕೊಂಡು ಹೋದಲ್ಲಿ ಇಂದು ಮೊದಲು ಎದುರಾಗುವ ಪ್ರಶ್ನೆ ಇದೇ. ಏನು ಕೆಲಸ ಬರುತ್ತದೆ ಎಂಬುದು ಆಮೇಲಿನ ಮಾತು. ಎಷ್ಟೋ ಕಡೆ ಆ ಮಾತು ಬರುವುದೇ ಇಲ್ಲ.

ಮುಂಬಯಿಗೆ ಬಂದ ನಮ್ಮ ಹಿರಿಯರು ಸಂದರ್ಶನವೆಂಬುದನ್ನು ಕಂಡವರಲ್ಲ. ಊರಿನವರೊಬ್ಬರು ಧಣಿಯ ಕಿವಿಗೆ ಒಂದು ಮಾತು ಹಾಕಿದರೆ ಸಾಕು, ಮರುದಿನವೇ ಕಪ್ಪು ಬಶಿ ತೊಳೆಯಲು ನಿಲ್ಲುತ್ತಿದ್ದರು. ಗಿರಣಿಯಲ್ಲಾದರೆ ಜಾಬರನ ಕೈ ಬೆಚ್ಚಗೆ ಮಾಡಿ ಬದಲಿಯಾಗಿ ಸೇರುತ್ತಿದ್ದರು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರಿದ್ದರು. ಅದರ ನಂತರ ಒಂದೊಂದಾಗಿ ಗಿರಣಿಗಳು ಮುಚ್ಚಿದಾಗ, ಇಪ್ಪತ್ತು ವರ್ಷ ಸಾಂಚಾ ನಡೆಸಿದ ಕೈಗಳು ವಾಚಮನ್ ಕೋಲು ಹಿಡಿದವು. ಆ ಕೈಗಳಿಗೆ ಏನು ಗೊತ್ತಿದೆಯೆಂದು ಯಾರೂ ಕೇಳಲಿಲ್ಲ. 2020ರ ಲಾಕ್‌ಡೌನಿನಲ್ಲಿ ಬಾಗಿಲೆಳೆದು ಮತ್ತೆ ತೆರೆಯದ ಹೊಟೇಲುಗಳ ನೌಕರರ ಪಾಡೂ ಅದೇ ಆಯಿತು.

ಈಗ ಮೇಜಿನಾಚೆ ಕುಳಿತಿರುವವನು ಇಪ್ಪತ್ತೈದರ ಮ್ಯಾನೇಜರ. "ಏನು ಬರುತ್ತದೆ?" ಎಂದು ಅವನು ಕೇಳಿದರೆ ನಮ್ಮವರ ಉತ್ತರ: "ಎಲ್ಲಾ ಬರ್ತದೆ ಸಾರ್." ಬಂಧುಗಳೇ, ಎಲ್ಲಾ ಎಂದರೆ ಅವನ ಕಿವಿಗೆ ಏನೂ ಇಲ್ಲವೆಂದೇ ಅರ್ಥ. ದಿನಕ್ಕೆ ಎಷ್ಟು ಕಿಲೋ ಅಕ್ಕಿಯ ಹಿಟ್ಟು ನೋಡಿಕೊಂಡಿದ್ದೀರಿ, ಮಳೆಗಾಲದಲ್ಲಿ ಹಿಟ್ಟು ಉಬ್ಬದಿದ್ದರೆ ಏನು ಮಾಡುತ್ತೀರಿ, ಮೇ ತಿಂಗಳ ಸೆಖೆಯಲ್ಲಿ ಅದು ಹುಳಿಯೇರದಂತೆ ಹೇಗೆ ಕಾಯುತ್ತೀರಿ, ಭಟ್ಟರು ಬಾರದ ದಿನ ಬೆಳಗಿನ ಗಿರಾಕಿಗಳನ್ನು ಹೇಗೆ ಸುಧಾರಿಸಿದಿರಿ, ಇದನ್ನು ಹೇಳಿರಿ. ಹೇಳಿದ ಮೇಲೆ, "ಕಾವಲಿಯ ಮುಂದೆ ಒಂದು ಗಂಟೆ ನಿಲ್ಲಿಸಿ ನೋಡಿ" ಎಂದೂ ಕೇಳಿರಿ. ತಲೆಗೆ ಬಣ್ಣ ಹಚ್ಚಿಕೊಂಡು ಹೋಗುವುದಕ್ಕಿಂತ ಇದು ಮೇಲು. ಬಣ್ಣ ಹೇಗೂ ಭಟ್ಟಿಯ ಬಿಸಿಗೆ ಇಳಿಯುತ್ತದೆ.

"ಚಿಕ್ಕವರ ಕೈಕೆಳಗೆ ದುಡಿಯುವಿರಾ?" ಎಂಬ ಪ್ರಶ್ನೆ ನ್ಯಾಯವಾದದ್ದು. ಮುಖ ಬಿಗಿಯದೆ ಉತ್ತರಿಸತಕ್ಕದ್ದು. ಆದರೆ "ಈ ವಯಸ್ಸಿಗೆ ಇಷ್ಟೇ ಕೊಡುವುದು" ಎಂದು ಹೆಲ್ಪರನ ಸಂಬಳ ಮುಂದಿಟ್ಟು ಭಟ್ಟರ ಕೆಲಸ ತೆಗೆಯುವುದು ನ್ಯಾಯವಲ್ಲ. ಹೀಗೆ ಮಾಡುವವರಲ್ಲಿ ನಮ್ಮವರೇ ಆದ ಧಣಿಗಳೂ ಇದ್ದಾರೆಂದು ಹೇಳಲು ನಮಗೆ ಸಂಕೋಚವಿಲ್ಲ. ಊರ ದೇವಸ್ಥಾನದ ಜೀರ್ಣೋದ್ಧಾರದ ಪಟ್ಟಿ ಹಿಡಿದು ಬಂದಾಗ ನಾವು ಊರಿನವರು. ಕೆಲಸ ಕೇಳಿ ಹೋದಾಗ ಮುದುಕರು!

ಇದಕ್ಕೆಲ್ಲ ಮೂಲವಾದ ಕೊರತೆಯೊಂದುಂಟು. ಗಿರಣಿಯವನ ಬಳಿ ಟಿಕೇಟು ನಂಬರಾದರೂ ಇತ್ತು. ಮೂವತ್ತು ವರ್ಷ ಹೊಟೇಲಿನಲ್ಲಿ ಬೆಂದವನ ಬಳಿ ಒಂದು ಚೀಟಿಯೂ ಇರುವುದಿಲ್ಲ. ಸೇವಾಪತ್ರವನ್ನು ಕೆಲಸ ಬಿಡುವ ದಿನ, ಮನಸ್ತಾಪದ ನಡುವೆ ಕೇಳಿದರೆ ಯಾರು ಕೊಟ್ಟಾರು? ಈಗಲೇ, ಧಣಿಯ ಮುಖ ನೆಟ್ಟಗಿರುವಾಗಲೇ ಕೇಳಿ ಬರೆಯಿಸಿಕೊಳ್ಳಿರಿ: ಯಾವ ವರ್ಷದಿಂದ, ಯಾವ ಕೆಲಸ, ಎಷ್ಟು ಸಂಬಳ.

ಹೊಸ ಕೆಲಸ ಸಿಕ್ಕಿದೊಡನೆ ಹಳೆಯ ಪಿ.ಎಫ್. ಖಾತೆಯ ಯು.ಎ.ಎನ್. ನಂಬರನ್ನು ಅಲ್ಲಿ ಕೊಡಲು ಮರೆಯಬಾರದು. 1995ರ ಪಿಂಚಣಿ ಯೋಜನೆಯಂತೆ 58ರಲ್ಲಿ ಪಿಂಚಣಿ ಸಿಗಬೇಕಾದರೆ ಒಟ್ಟು 10 ವರ್ಷಗಳ ಸೇವೆ ಲೆಕ್ಕಕ್ಕೆ ಬರಬೇಕು. ಒಂದು ಕಡೆ ಆರು, ಇನ್ನೊಂದು ಕಡೆ ನಾಲ್ಕು ವರ್ಷ ದುಡಿದವನು ನಡುವೆ ಪಿಂಚಣಿಯ ಹಣವನ್ನೂ ತೆಗೆದು ಊರಿಗೆ ಕಳುಹಿಸಿದ್ದರೆ, ಆ ಮೊದಲ ಆರು ವರ್ಷ ಲೆಕ್ಕದಿಂದ ಹೋದಂತೆಯೇ. ಐವತ್ತರ ಮೇಲೆ ಹೊಸ ಕೆಲಸಕ್ಕೆ ಸೇರುವವನಿಗೆ ಅದನ್ನು ಮತ್ತೆ ದುಡಿದು ತುಂಬಿಸುವಷ್ಟು ಕಾಲ ಉಳಿದಿರುವುದಿಲ್ಲ.